ಮೃದಂಗ ಬರುತ್ತೆ, ಜಾಜ್ ಡ್ರಮ್ಸ್ ಕಲಿತು ಮುಂಬೈಯಲ್ಲಿ ಬದುಕಬಹುದಾ?

ಬದುಕಬಹುದು. ಆದರೆ ಬರೀ ನುಡಿಸಿ ಕಷ್ಟ, ಕಲಿಸಲೂ ಬೇಕು. ನಾನು ಮಾಟುಂಗಾದಲ್ಲಿ ಬೆಳೆದವನು, ನಿಮ್ಮ ಹಾಗೇ ಮೊದಲು ಮೃದಂಗ ಕಲಿತವನು, ಈಗ ಎರಡೂ ಮಾಡಿಕೊಂಡೇ ಮನೆ ನಡೆಸುತ್ತಿದ್ದೇನೆ.

ಮೃದಂಗ ಕಲಿತದ್ದು ವ್ಯರ್ಥ ಆಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಇಲ್ಲ. ಸ್ವಿಂಗ್ ಅಂದರೆ, ಅಂದರೆ ಜಾಜ್‌ನ ತೂಗಾಡುವ ಲಯ, ಹೆಚ್ಚುಕಡಿಮೆ ತಿಶ್ರ ನಡೆಯೇ, ಒಂದು ಎಣಿಕೆಗೆ ಮೂರು ಭಾಗ. ಬಾಯಲ್ಲಿ ತಕಿಟ ಹೇಳುತ್ತಾ ಹೋಗಿ. ನಾಲ್ಕು ಎಣಿಕೆಯಲ್ಲಿ 1 ಮತ್ತು 3ನೆಯದಕ್ಕೆ ರೈಡ್ ಸಿಂಬಲ್ (ಲಯ ಹಿಡಿಯುವ ದೊಡ್ಡ ಕಂಚಿನ ತಟ್ಟೆ) ಮೇಲೆ 'ತ' ಮಾತ್ರ, 2 ಮತ್ತು 4ಕ್ಕೆ 'ತ', 'ಟ' ಎರಡೂ. 'ಕಿ' ಯಾವಾಗಲೂ ಖಾಲಿ. ಎಡಗಾಲಿನಿಂದ ಒತ್ತುವ ಜೋಡಿ ಸಿಂಬಲ್, ಹೈ-ಹ್ಯಾಟ್, 2 ಮತ್ತು 4ಕ್ಕೆ ಮುಚ್ಚಬೇಕು. ಕಷ್ಟ ಎಲ್ಲಿ ಅಂದರೆ, ವೇಗ ಏರಿದಷ್ಟೂ ಆ 'ಟ' ತನ್ನ ಜಾಗ ಬಿಟ್ಟು ಸ್ವಲ್ಪ ಮೊದಲೇ ಬಂದು ಚತುರಶ್ರದ (ಎಣಿಕೆಗೆ ನಾಲ್ಕು ಭಾಗದ) ಕಡೆ ವಾಲುತ್ತದೆ, ಲೆಕ್ಕ ಕರಾರುವಾಕ್ಕಾಗಿ ಇಟ್ಟು ಬೆಳೆದ ನಮಗೆ ಇದು ಬೇಗ ಒಗ್ಗುವುದಿಲ್ಲ, ಕೇಳಿ ಕೇಳಿಯೇ ಬರಬೇಕು. ಜಾಜ್ ಡ್ರಮ್ಮರ್‌ಗಳಾದ ಮ್ಯಾಕ್ಸ್ ರೋಚ್, ಫಿಲ್ಲಿ ಜೋ ಜೋನ್ಸ್ ಇಬ್ಬರನ್ನೂ ದಿನಾ ಕೇಳಿ. 1940ರ ದಶಕದಲ್ಲಿ ಡ್ರಮ್ಮರ್ ಕೆನ್ನಿ ಕ್ಲಾರ್ಕ್ ಲಯ ಹಿಡಿಯುವ ಕೆಲಸವನ್ನು ಬಲಗಾಲಿನ ಬಾಸ್ ಡ್ರಮ್‌ನಿಂದ ರೈಡ್ ಸಿಂಬಲ್‌ಗೆ ತಂದರು. ಆಗ ಎಡಗೈಗೂ ಬಲಗಾಲಿಗೂ ಬಿಡುವು ಸಿಕ್ಕಿತು, ಸೋಲೋ ನುಡಿಸುವವರಿಗೆ ನಡುನಡುವೆ ಉತ್ತರ ಕೊಡುವ ಹಾಗಾಯಿತು. ಜಾಜ್ ಡ್ರಮ್ಸ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಇದೇ.

ಇನ್ನೊಂದು ವ್ಯತ್ಯಾಸ. ಕಛೇರಿಯಲ್ಲಿ ಮೃದಂಗದ ತನಿ ಆವರ್ತನ ನಡೆಯುವಾಗ ಪಕ್ಕದವರು ತಾಳ ಹಾಕುತ್ತಿರುತ್ತಾರೆ, ಅಲ್ವಾ? ಇಲ್ಲಿ ಯಾರೂ ಕೈಯಲ್ಲಿ ತೋರಿಸಲ್ಲ. ಎಷ್ಟೋ ಹಾಡುಗಳು 32 ಬಾರ್‌ನವು (ಒಂದು ಬಾರ್ ಅಂದರೆ ಸಾಮಾನ್ಯವಾಗಿ ನಾಲ್ಕು ಎಣಿಕೆ), ನಿಮ್ಮ ಸೋಲೋ ಕೂಡ ಅಷ್ಟರೊಳಗೇ ಸುತ್ತಬೇಕು. ಅದಕ್ಕೇ ಹಾಡು ಕಲಿಯಿರಿ, ನುಡಿಸುವಾಗ ಗುನುಗಿಕೊಳ್ಳಿ.

ಡ್ರಮ್ಮರ್ ತ್ರಿಲೋಕ್ ಗುರ್ಟು ಮುಂಬೈಯವರೇ, ಬೆಳಗಾವಿಯಲ್ಲಿ ಹುಟ್ಟಿದ ಠುಮ್ರಿ ಗಾಯಕಿ ಶೋಭಾ ಗುರ್ಟು ಅವರ ಮಗ, ಮೊದಲು ಕಲಿತದ್ದು ತಬಲಾ. ಇನ್ನೊಬ್ಬ ಡ್ರಮ್ಮರ್ ರಂಜಿತ್ ಬಾರೋಟ್ ಕಥಕ್ ನರ್ತಕಿ ಸಿತಾರಾ ದೇವಿಯವರ ಮಗ. ನಮ್ಮ ಲಯ ಹೊತ್ತುಕೊಂಡೇ ಡ್ರಮ್ಸ್‌ಗೆ ಹೋದವರು ಇದ್ದಾರೆ.

ದುಡ್ಡಿನ ವಿಷಯ. ಬರೀ ಜಾಜ್ ಕಾರ್ಯಕ್ರಮಗಳು ಕಡಿಮೆ. ಮದುವೆ, ಹೋಟೆಲ್, ಕಂಪನಿ ಪಾರ್ಟಿ, ರೆಕಾರ್ಡಿಂಗ್ ಎಲ್ಲ ಸೇರಬೇಕು. ತಿಂಗಳಿಗೆ ನಂಬಿಕೆಯ ಹಣ ಅಂದರೆ ಪಾಠದ್ದೇ. ಹಾಗಂತ ಬೇರೆ ಗತಿ ಇಲ್ಲದೆ ಕಲಿಸುವುದು ಅಂದುಕೊಳ್ಳಬೇಡಿ. ಮಕ್ಕಳ ಎದುರು ಅದೇ ಪ್ಯಾರಾಡಿಡಲ್ (ಎರಡೂ ಕೈ ಅದಲುಬದಲಾಗುವ ಮೂಲ ಪಾಠ) ನಿಧಾನವಾಗಿ ನುಡಿಸಿ ತೋರಿಸುತ್ತಾ ನನ್ನ ಕೈ ಎಷ್ಟೋ ಶುದ್ಧವಾಗಿದೆ. ತಂದೆತಾಯಿಯರು ಲಂಡನ್‌ನ ಟ್ರಿನಿಟಿ ಕಾಲೇಜಿನ ಗ್ರೇಡ್ ಪರೀಕ್ಷೆ ಕೇಳುತ್ತಾರೆ, ಕಟ್ಟಿಸುತ್ತೇನೆ, ಓದಿ ನುಡಿಸುವುದು ಅದರಿಂದ ಗಟ್ಟಿಯಾಗುತ್ತದೆ. ಆದರೆ ಲಯವನ್ನು ಮೊದಲು ಬಾಯಲ್ಲಿ ಹೇಳದೆ ಯಾರಿಗೂ ಕೋಲು ಎತ್ತಲು ಬಿಡುವುದಿಲ್ಲ.

ನೀವಿರುವ ಡೊಂಬಿವಲಿಯ ಫ್ಲ್ಯಾಟ್‌ನಲ್ಲಿ ಡ್ರಮ್ ಕಿಟ್ ಇಟ್ಟರೆ ಅಕ್ಕಪಕ್ಕದವರು ಸುಮ್ನೆ ಇರಲ್ಲ. ಸದ್ದು ಕಡಿಮೆ ಬರುವ ರಬ್ಬರಿನ ಪ್ರಾಕ್ಟೀಸ್ ಪ್ಯಾಡ್ ತಗೊಳ್ಳಿ. ವಾರಕ್ಕೊಮ್ಮೆ ವಾದ್ಯಗಳಿರುವ ಅಭ್ಯಾಸದ ಕೋಣೆ, ಜಾಮ್ ರೂಮ್, ಬಾಡಿಗೆಗೆ ಹಿಡಿಯಿರಿ, ಬಾಸ್ ಗಿಟಾರ್ ನುಡಿಸುವ ಒಬ್ಬರನ್ನಾದರೂ ಜೊತೆಗೆ ಕರೆಯಿರಿ, ಒಬ್ಬರೇ ಕೂತು ಜಾಜ್ ಬರುವುದಿಲ್ಲ. ದುಡ್ಡು ಕೂಡಿಸುವುದಾದರೆ ಒಳ್ಳೆಯ ರೈಡ್ ಸಿಂಬಲ್‌ಗೆ ಕೂಡಿಸಿ. ಹೆಚ್ಚಿನ ಕಡೆ ಡ್ರಮ್ಸ್ ಅಲ್ಲೇ ಇರುತ್ತದೆ, ಸಿಂಬಲ್ ನಾವೇ ಒಯ್ಯಬೇಕು.