ತಂತು ಸಿದ್ಧಾಂತ ಎಂದರೇನು? ಅದರ ಪ್ರಕಾರ ವಿಶ್ವ ಎಂಥದು?

ಎಲೆಕ್ಟ್ರಾನ್, ಪ್ರೋಟಾನ್-ನ್ಯೂಟ್ರಾನ್‌ಗಳನ್ನು ರೂಪಿಸುವ ಕ್ವಾರ್ಕ್, ಬೆಳಕಿನ ಕಣವಾದ ಫೋಟಾನ್ ಇವೆಲ್ಲವೂ ಒಂದೇ ಬಗೆಯ ಅತಿಸೂಕ್ಷ್ಮ ತಂತುವಿನ ಬೇರೆ ಬೇರೆ ಕಂಪನಗಳು ಎಂಬುದೇ ಸ್ಟ್ರಿಂಗ್ ಥಿಯರಿಯ, ಅಂದರೆ ತಂತು ಸಿದ್ಧಾಂತದ ತಿರುಳು. ವೀಣೆಯ ತಂತಿಯ ನಟ್ಟನಡುವೆ ಬೆರಳನ್ನು ಹಗುರವಾಗಿ ಮುಟ್ಟಿಸಿ ಮೀಟಿದರೆ, ಅದು ಎರಡು ಭಾಗವಾಗಿ ಕಂಪಿಸಿ ತಾರ ಷಡ್ಜವನ್ನು ನುಡಿಯುತ್ತದೆ. ತಂತಿ ಅದೇ, ಕಂಪನದ ರೀತಿ ಮಾತ್ರ ಬೇರೆ. ಹಾಗೆಯೇ ಇಲ್ಲಿ ಕಂಪನದ ರೀತಿಯೇ ಕಣದ ದ್ರವ್ಯರಾಶಿ ಮತ್ತು ವಿದ್ಯುದಂಶವನ್ನು ನಿರ್ಧರಿಸುತ್ತದೆ.

ಈ ಸಿದ್ಧಾಂತ ಹುಟ್ಟಿದ್ದು ಗುರುತ್ವಕ್ಕಾಗಿ ಅಲ್ಲ, 1968ರಲ್ಲಿ ಭೌತವಿಜ್ಞಾನಿ ವೆನೆಜಿಯಾನೊ ಅವರು ಪರಮಾಣು ಬೀಜದೊಳಗಿನ ಪ್ರಬಲ ಬಲವನ್ನು ವಿವರಿಸಲು ಬರೆದ ಸೂತ್ರದಿಂದ. ಆ ಲೆಕ್ಕಗಳಲ್ಲಿ ಬೇಡವೆಂದರೂ ತಲೆಹಾಕುತ್ತಿದ್ದ, ದ್ರವ್ಯರಾಶಿಯೇ ಇಲ್ಲದ ಒಂದು ಕಣವು ಗುರುತ್ವವನ್ನು ಸಾಗಿಸುವ ಗ್ರಾವಿಟಾನ್ ಆಗಿರಬಹುದೆಂದು 1974ರಲ್ಲಿ ಭೌತವಿಜ್ಞಾನಿಗಳಾದ ಶೆರ್ಕ್ ಮತ್ತು ಶ್ವಾರ್ಟ್ಸ್ ಸೂಚಿಸಿದರು. ಗುರುತ್ವವನ್ನೂ ಸೂಕ್ಷ್ಮ ಕಣಗಳ ವರ್ತನೆಯನ್ನು ಹೇಳುವ ಕ್ವಾಂಟಮ್ ನಿಯಮಗಳನ್ನೂ ಒಂದೇ ಚೌಕಟ್ಟಿಗೆ ತರುವ ಆಸೆ ಚಿಗುರಿದ್ದು ಅಲ್ಲಿಂದ.

ಇದಕ್ಕೆ ತೆರಬೇಕಾದ ಬೆಲೆ ಸಣ್ಣದಲ್ಲ. ಗಣಿತ ಸರಿಹೊಂದಬೇಕಾದರೆ ದೇಶದ (ಸ್ಪೇಸ್) 9 ಮತ್ತು ಕಾಲದ 1, ಒಟ್ಟು 10 ಆಯಾಮಗಳು ಬೇಕು. ನಮಗೆ ಕಾಣದ 6 ಆಯಾಮಗಳು ಪ್ರತಿ ಬಿಂದುವಿನಲ್ಲೂ ಸುರುಳಿಯಾಗಿ ಮುದುಡಿಕೊಂಡಿವೆ ಎಂಬುದು ರೂಢಿಯ ವಿವರಣೆ. ತಂತುವಿನ ಗಾತ್ರವೋ, ಸಾಮಾನ್ಯ ಅಂದಾಜಿನಂತೆ, ಸುಮಾರು 10⁻³⁵ ಮೀಟರ್. ಯಾವ ಕಣವೇಗವರ್ಧಕವೂ ಅಷ್ಟು ಆಳಕ್ಕೆ ಇಣುಕಲಾರದ ಕಾರಣ, ಇದಕ್ಕೆ ಇದುವರೆಗೆ ಪ್ರಯೋಗದ ಪುರಾವೆ ಸಿಕ್ಕಿಲ್ಲ.