ಡೆಂಗಿ ವೈರಸ್ಸಿಗೆ ನಮ್ಮ ಮೈಟೊಕಾಂಡ್ರಿಯಾದ ಮೇಲೇಕೆ ಕಣ್ಣು?

ವೈರಸ್ ಒಳಹೊಕ್ಕಿದೆ ಎಂಬ ಎಚ್ಚರಿಕೆಯನ್ನು ಜೀವಕೋಶವು ಹೊರಡಿಸುವುದು ಬಹುಮಟ್ಟಿಗೆ ಮೈಟೊಕಾಂಡ್ರಿಯಾದ ಮೇಲ್ಮೈಯಿಂದ. ಅದನ್ನು ಹದಗೆಡಿಸಿದರೆ ಡೆಂಗಿ ವೈರಸ್ಸಿಗೆ ಅಡ್ಡಿಯಿಲ್ಲದೆ ಬೆಳೆಯಲು ಕಾಲಾವಕಾಶ ಸಿಗುತ್ತದೆ.

ಶಾಲೆಯಲ್ಲಿ ಮೈಟೊಕಾಂಡ್ರಿಯಾವನ್ನು ಶಕ್ತಿ ಉತ್ಪಾದಿಸುವ ಕಣದಂಗವೆಂದಷ್ಟೇ ಓದಿರುತ್ತೇವೆ. ಆದರೆ ಅದರ ಹೊರಪೊರೆಯಲ್ಲಿ ಮ್ಯಾವ್ಸ್ ಎಂಬ ಪ್ರೋಟೀನಿದೆ. ವೈರಸ್ಸಿನ ಆರ್‌ಎನ್‌ಎಯನ್ನು ಗುರುತಿಸಿದ ಸಂವೇದಕ ಪ್ರೋಟೀನುಗಳು ಬಂದು ಇದನ್ನು ಪ್ರಚೋದಿಸಿದಾಗ, ಅಕ್ಕಪಕ್ಕದ ಕೋಶಗಳನ್ನೂ ಎಚ್ಚರಿಸುವ ಇಂಟರ್‌ಫೆರಾನ್ ಸ್ರವಿಸತೊಡಗುತ್ತದೆ. ಮೈಟೊಕಾಂಡ್ರಿಯಾಗಳು ಸದಾ ಒಂದಕ್ಕೊಂದು ಕೂಡಿಕೊಳ್ಳುತ್ತ, ಮತ್ತೆ ಒಡೆಯುತ್ತ ಇರುತ್ತವೆ. ಆ ಸಮತೋಲನ ತಪ್ಪಿದರೆ ಈ ಸಂಕೇತವೂ ಕುಗ್ಗುತ್ತದೆ. ಕೂಡಿಸುವ ಕೆಲಸ ಮಾಡುವ ಮೈಟೊಫ್ಯೂಸಿನ್ ಪ್ರೋಟೀನುಗಳನ್ನು ಡೆಂಗಿಯ ಪ್ರೋಟಿಯೇಸ್, ಅಂದರೆ ಪ್ರೋಟೀನು ಕತ್ತರಿಸುವ ಕಿಣ್ವ, ತುಂಡರಿಸುತ್ತದೆಂದು 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಮರುವರ್ಷ ಇನ್ನೊಂದು ತಂಡವು, ಎನ್‌ಎಸ್‌4ಬಿ ಎಂಬ ವೈರಸ್ ಪ್ರೋಟೀನು ಒಡೆಯುವಿಕೆಯನ್ನೇ ತಡೆದು ಮೈಟೊಕಾಂಡ್ರಿಯಾವನ್ನು ಉದ್ದುದ್ದ ಎಳೆಗಳಾಗಿಸುತ್ತದೆ, ಅದರಿಂದಲೂ ಇಂಟರ್‌ಫೆರಾನ್ ತಗ್ಗುತ್ತದೆ ಎಂದು ವರದಿ ಮಾಡಿತು. ಇವೆರಡು ಮೇಲ್ನೋಟಕ್ಕೆ ತದ್ವಿರುದ್ಧ. ಕೋಶದ ಬಗೆ ಮತ್ತು ಸೋಂಕಿನ ಹಂತಕ್ಕೆ ತಕ್ಕಂತೆ ಪರಿಣಾಮ ಬದಲಾಗುತ್ತದೆ ಎಂಬ ವಿವರಣೆಯೇ ನನಗೆ ಹೆಚ್ಚು ಸಮಂಜಸವೆನಿಸುತ್ತದೆ.

ಮಲೆನಾಡಿನಲ್ಲಿ ಈ ವೈರಸ್ಸನ್ನು ಹೊತ್ತು ತರುವ ಈಡಿಸ್ ಸೊಳ್ಳೆಗೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ಮಳೆನೀರೇ ಮೊಟ್ಟೆಯಿಡಲು ಸಾಕು. ಅಂದಹಾಗೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ ಕೂಡ ಡೆಂಗಿಯಂತೆಯೇ ಫ್ಲೇವಿವೈರಸ್ ಗುಂಪಿನದು. ಆದರೆ ಅದನ್ನು ಹರಡುವುದು ಸೊಳ್ಳೆಯಲ್ಲ, ಉಣುಗು. ಆದ್ದರಿಂದ ಡೆಂಗಿಯಲ್ಲಿ ಕಂಡದ್ದನ್ನೆಲ್ಲ ಅದಕ್ಕೂ ಹಾಗೆಯೇ ಅನ್ವಯಿಸಲು ಬರುವುದಿಲ್ಲ.