ಸೋತೂ ಸೋತೂ ಅಮೆರಿಕ ಗೆದ್ದದ್ದು ಹೇಗೆ?

ಪ್ರಶ್ನೆ: ಮಗಳಿಗೆ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಪಾಠ ಓದಿಸುತ್ತಿದ್ದೆ. ಜಾರ್ಜ್ ವಾಷಿಂಗ್ಟನ್ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿಯಂತೆ. ಹಾಗಿದ್ದರೆ ರೈತರು, ಅಂಗಡಿಯವರು ಸೇರಿ ಅಷ್ಟು ದೊಡ್ಡ ಸಾಮ್ರಾಜ್ಯವನ್ನು ಮಣಿಸಿದ್ದು ಹೇಗೆ? ಅಲ್ಲಿ ಸೋತ ಕಾರ್ನ್‌ವಾಲಿಸ್, ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸ್ ಇಬ್ಬರೂ ಒಬ್ಬನೇನಾ?
– ಓದುಗರು, ಹಾಸನ

ಉತ್ತರ: ನೀವು ಕೇಳಿದ್ದು ನಿಜ. ವಾಷಿಂಗ್ಟನ್ 1776ರಲ್ಲಿ ನ್ಯೂಯಾರ್ಕ್ ಕಳೆದುಕೊಂಡರು. ಮರುವರ್ಷ, ಬಂಡಾಯಗಾರರ ಕಾಂಗ್ರೆಸ್ ಸೇರುತ್ತಿದ್ದ ಫಿಲಡೆಲ್ಫಿಯಾ ಕೂಡ ಬ್ರಿಟಿಷರ ಪಾಲಾಯಿತು. ಆದರೂ ಯುದ್ಧ ಮುಗಿಯಲಿಲ್ಲ. ಬ್ರಿಟಿಷರು ಊರು ಹಿಡಿದರು, ಸೈನ್ಯ ಮಾತ್ರ ಅವರ ಕೈಗೆ ಸಿಗಲಿಲ್ಲ.

ಬ್ರೂಕ್ಲಿನ್‌ನಲ್ಲಿ ಸೋತಾಗ ವಾಷಿಂಗ್ಟನ್ ಸುಮಾರು 9,000 ಸೈನಿಕರನ್ನು ಒಂದೇ ರಾತ್ರಿಯಲ್ಲಿ ದೋಣಿಗಳಲ್ಲಿ ದಾಟಿಸಿ ಪಾರು ಮಾಡಿದರು. ನನ್ನ ಪ್ರಕಾರ ಅವರ ದೊಡ್ಡ ಸಾಧನೆ ಇಂಥದ್ದೇ. ಸೈನ್ಯ ಉಳಿದರೆ ಹೋರಾಟ ಉಳಿಯುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಕಡೆ ಲಂಡನ್ನಿನಿಂದ ಒಂದು ಆದೇಶ ಬರಬೇಕೆಂದರೂ ಅಟ್ಲಾಂಟಿಕ್ ದಾಟಲು ವಾರಗಟ್ಟಲೆ ಬೇಕು. ಸೈನಿಕರು, ಬಂದೂಕು, ದಿನಸಿಯ ಬಹುಪಾಲು ಅದೇ ದಾರಿಯಲ್ಲಿ ಬರಬೇಕಿತ್ತು.

ಜಗಳ ಶುರುವಾಗಿದ್ದು ತೆರಿಗೆಯಿಂದ. 1763ಕ್ಕೆ ಮುಗಿದ ಏಳು ವರ್ಷಗಳ ಯುದ್ಧದಿಂದ ಬ್ರಿಟನ್ ಸಾಲದಲ್ಲಿತ್ತು. ವಸಾಹತುಗಳ ಮೇಲೆ ತೆರಿಗೆ ಹಾಕಿತು. ಪಾರ್ಲಿಮೆಂಟಿನಲ್ಲಿ ನಮ್ಮವರೇ ಇಲ್ಲದಿರುವಾಗ ತೆರಿಗೆ ಯಾಕೆ ಕೊಡಬೇಕು ಅಂತ 13 ವಸಾಹತುಗಳ ಜನ ತಿರುಗಿಬಿದ್ದರು. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಟೀ ಸಮುದ್ರ ಸೇರಿತು. ಅದು ನಮ್ಮನ್ನಾಳಿದ ಅದೇ ಈಸ್ಟ್ ಇಂಡಿಯಾ ಕಂಪನಿಯ ಸರಕು.

ಯುದ್ಧದ ದಿಕ್ಕು ಬದಲಾದದ್ದು 1777ರ ಅಕ್ಟೋಬರ್‌ನಲ್ಲಿ. ಸರಟೋಗಾದಲ್ಲಿ ಬ್ರಿಟಿಷ್ ಸೇನಾಪತಿ ಬರ್ಗಾಯ್ನ್‌ನ ಇಡೀ ಪಡೆ ಶರಣಾಯಿತು. ಅಮೆರಿಕನ್ನರು ಗೆಲ್ಲಬಲ್ಲರು ಅಂತ ಫ್ರಾನ್ಸಿಗೆ ನಂಬಿಕೆ ಬಂತು. ಅಲ್ಲಿಯವರೆಗೆ ಗುಟ್ಟಾಗಿ ಮದ್ದುಗುಂಡು ಕೊಡುತ್ತಿದ್ದ ದೇಶ 1778ರಲ್ಲಿ ಬಹಿರಂಗವಾಗಿ ಜೊತೆ ನಿಂತಿತು.

ಅದರ ಫಲ ಕಂಡದ್ದು 1781ರಲ್ಲಿ, ಯಾರ್ಕ್‌ಟೌನ್‌ನಲ್ಲಿ. ಕಾರ್ನ್‌ವಾಲಿಸ್ ಸಮುದ್ರವನ್ನು ಬೆನ್ನಿಗಿಟ್ಟುಕೊಂಡು ಬೀಡು ಬಿಟ್ಟಿದ್ದ. ಬ್ರಿಟಿಷ್ ಹಡಗುಗಳು ಬಂದೇ ಬರುತ್ತವೆ ಅನ್ನೋ ಧೈರ್ಯ. ವಾಷಿಂಗ್ಟನ್ ಮತ್ತು ಫ್ರೆಂಚ್ ಸೇನಾಪತಿ ರೋಷಾಂಬೋ ನ್ಯೂಯಾರ್ಕ್ ಕಡೆಯಿಂದ ದಕ್ಷಿಣಕ್ಕೆ ಹೊರಟರು. ಶತ್ರುವಿಗೆ ಸುಳಿವು ಸಿಗಬಾರದಲ್ವಾ? ಅದಕ್ಕೆ ನ್ಯೂಜೆರ್ಸಿಯ ಚಾಟಮ್‌ನಲ್ಲಿ ಬ್ರೆಡ್ ಸುಡುವ ದೊಡ್ಡ ಒಲೆಗಳನ್ನು ಕಟ್ಟಿಸಿದರು. ಸೈನ್ಯ ಇಲ್ಲೇ ಉಳಿದು ನ್ಯೂಯಾರ್ಕ್ ಮೇಲೆ ಬೀಳಲಿದೆ ಅಂತ ಬ್ರಿಟಿಷರು ನಂಬಲಿ ಎಂದು. ಸೆಪ್ಟೆಂಬರ್ 5ರಂದು ದ ಗ್ರಾಸ್‌ನ ಫ್ರೆಂಚ್ ನೌಕಾಪಡೆ ಚೆಸಪೀಕ್ ಕೊಲ್ಲಿಯ ಬಾಯಲ್ಲಿ ಬ್ರಿಟಿಷ್ ಹಡಗುಗಳನ್ನು ತಡೆಯಿತು. ಕಾರ್ನ್‌ವಾಲಿಸ್‌ಗೆ ದಾರಿ ಮುಚ್ಚಿತು. ಅಕ್ಟೋಬರ್ 19ಕ್ಕೆ ಶರಣಾದ. ತಾನು ಬರಲಿಲ್ಲ, ಮೈ ಹುಷಾರಿಲ್ಲ ಅಂತ ಹೇಳಿ ಕೈಕೆಳಗಿನ ಅಧಿಕಾರಿಯನ್ನು ಕಳಿಸಿದ. ಸೈನಿಕರು, ನಾವಿಕರು ಎಲ್ಲರನ್ನೂ ಲೆಕ್ಕ ಹಾಕಿದರೆ ಅಲ್ಲಿ ಅಮೆರಿಕನ್ನರಿಗಿಂತ ಫ್ರೆಂಚರೇ ಜಾಸ್ತಿ ಇದ್ದರು. ಮಗಳಿಗೆ ಇದನ್ನು ತಪ್ಪದೇ ಹೇಳಿ.

ಇನ್ನೊಂದನ್ನೂ ಹೇಳಿ. ಈ ಸ್ವಾತಂತ್ರ್ಯ ಗುಲಾಮರಾಗಿದ್ದ ಕಪ್ಪು ಜನರಿಗೆ ಸಿಕ್ಕಿದ್ದಲ್ಲ. ಬ್ರಿಟಿಷರು ಬಿಡುಗಡೆಯ ಆಸೆ ತೋರಿಸಿದ್ದರಿಂದ ಅವರಲ್ಲಿ ಸಾವಿರಾರು ಮಂದಿ ಆ ಕಡೆಗೇ ಓಡಿಹೋದರು.

ಹೌದು, ಕಾರ್ನ್‌ವಾಲಿಸ್ ಒಬ್ಬನೇ. 1786ರಲ್ಲಿ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯವನ್ನು ಕಿತ್ತುಕೊಂಡ, ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಳಾಗಿ ಒಯ್ದ. ಅಮೆರಿಕದ ಯುದ್ಧ ನಡೆಯುತ್ತಿದ್ದಾಗಲೇ ಹೈದರ್ ಅಲಿ ಇಲ್ಲಿ ಬ್ರಿಟಿಷರ ಮೇಲೆ ಯುದ್ಧ ಸಾರಿದ್ದ. ಆ ಸುದ್ದಿ ಅಲ್ಲಿಗೂ ಮುಟ್ಟಿತ್ತು. ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧ ಹಡಗೊಂದಕ್ಕೆ ಅವನದೇ ಹೆಸರಿಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಆ ‘ಹೈದರ್ ಅಲಿ’, ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆ ಹಿಡಿಯಿತು.